ಜಖಂ ಕಾರು ಮಾರುವ ಮುಂಚೆ ನಿಮ್ಮ ಹೆಸರು ಬಿಡಿಸಿಕೊಳ್ಳಿ

ಡಿಸೆಂಬರ್ ತಿಂಗಳ ಒಂದು ಬೆಳಗಿನ ಜಾವ. ಮನೆಯವಳನ್ನು ಮೈಸೂರಿನ ಆಸ್ಪತ್ರೆಗೆ ತೋರಿಸಲು ಪಿರಿಯಾಪಟ್ಟಣ ಕಡೆಯಿಂದ ಹೊರಟಿದ್ದೆ. ಮಂಜು ಕವಿದಿತ್ತು. ಹುಣಸೂರು ಇನ್ನೂ ದೂರವಿದ್ದಾಗ ರಸ್ತೆಗೆ ಅಡ್ಡ ಬಂದ ಹಸುವನ್ನು ತಪ್ಪಿಸಲು ಹೋಗಿ ಕಾರನ್ನು ಮರಕ್ಕೆ ಗುದ್ದಿಸಿದೆ. ದೇವರು ದೊಡ್ಡವನು, ನಮ್ಮಿಬ್ಬರಿಗೂ ತರಚು ಗಾಯ ಬಿಟ್ಟರೆ ಏನೂ ಆಗಲಿಲ್ಲ. ಕಾರು ಮಾತ್ರ ಮುಂಭಾಗವೆಲ್ಲ ಅಪ್ಪಚ್ಚಿ.

ಆಮೇಲಿನ ಎರಡು ತಿಂಗಳಲ್ಲಿ ನಾನು ಕಲಿತದ್ದನ್ನು ಇಲ್ಲಿ ಬರೆಯುತ್ತಿದ್ದೇನೆ. ಹೊಗೆಸೊಪ್ಪಿನ ದುಡ್ಡು ಕೈಗೆ ಬಂದ ವರ್ಷ ಒಂದು ಕಾರು ಕೊಳ್ಳುವವರು ನಮ್ಮ ಕಡೆ ಬೇಕಾದಷ್ಟು ಜನ. ಕೊಳ್ಳುವುದು ಹೇಗೆ ಅಂತ ಎಲ್ಲರಿಗೂ ಗೊತ್ತು. ಜಖಂ ಆದ ಮೇಲೆ ಮಾರುವುದು ಹೇಗೆ ಅನ್ನುವುದು ಪೆಟ್ಟು ತಿಂದವರಿಗೆ ಮಾತ್ರ ಗೊತ್ತು.

ಟೋಟಲ್ ಲಾಸ್ ಅಂದರೇನು?

ಪಾಲಿಸಿ ಕಾಗದದಲ್ಲಿ ಐ.ಡಿ.ವಿ. ಅಂತ ಒಂದು ಮೊತ್ತ ಇರುತ್ತದೆ. ವಿಮೆಯ ಲೆಕ್ಕಕ್ಕೆ ನಿಮ್ಮ ಗಾಡಿಯ ಬೆಲೆ ಅದು. ಕಂಪೆನಿ ದರದಿಂದ ಗಾಡಿಯ ವಯಸ್ಸಿಗೆ ತಕ್ಕಂತೆ ಸವಕಳಿ ಕಳೆಯುತ್ತಾರೆ. ಆರು ತಿಂಗಳೊಳಗಿನದಕ್ಕೆ ಶೇ. 5, ಒಂದು ವರ್ಷದೊಳಗೆ 15, ಎರಡರೊಳಗೆ 20, ಮೂರರೊಳಗೆ 30, ನಾಲ್ಕರೊಳಗೆ 40, ಐದರೊಳಗೆ 50. ಐದು ವರ್ಷ ದಾಟಿದರೆ ನಾವೂ ಕಂಪೆನಿಯವರೂ ಮಾತಾಡಿ ಒಪ್ಪಿದ ಬೆಲೆ. ಕಂತು ನಾಲ್ಕು ಕಾಸು ಕಮ್ಮಿಯಾಗಲಿ ಅಂತ ಈ ಬೆಲೆಯನ್ನು ಇಳಿಸಿ ಬರೆಸಬೇಡಿ. ಕಷ್ಟ ಬಂದಾಗ ಸಿಗುವುದು ಅಷ್ಟೇ.

ರಿಪೇರಿ ಖರ್ಚು ಐ.ಡಿ.ವಿ.ಯ ಶೇ. 75 ದಾಟಿದರೆ ಅದನ್ನು ಟೋಟಲ್ ಲಾಸ್ ಅನ್ನುತ್ತಾರೆ. ನನ್ನ ಕಾರಿನ ಐ.ಡಿ.ವಿ. 2,80,000 ರೂಪಾಯಿ. ಅದರ ಮುಕ್ಕಾಲು ಪಾಲು 2,10,000. ಗ್ಯಾರೇಜಿನವರ ಎಸ್ಟಿಮೇಟು 2,35,000. ಹಾಗಾಗಿ ರಿಪೇರಿ ಬೇಡ ಅಂತ ತೀರ್ಮಾನವಾಯಿತು.

ಒಂದು ಎಚ್ಚರಿಕೆ. ಇದೆಲ್ಲ ಫುಲ್ ಇನ್ಶೂರೆನ್ಸ್ ಇದ್ದವರಿಗೆ. ಬರೀ ಥರ್ಡ್ ಪಾರ್ಟಿ ಕಟ್ಟಿದ್ದರೆ ನಿಮ್ಮ ಗಾಡಿಗೆ ಒಂದು ಪೈಸೆಯೂ ಬರುವುದಿಲ್ಲ. ಹಾಗೆಯೇ ಸ್ವಂತ ಬಳಕೆಯ ಕಾರಿನಲ್ಲಿ ಬಾಡಿಗೆ ಹೊಡೆಯುವಾಗ ಅಪಘಾತವಾದರೆ ಕ್ಲೇಮು ತಿರಸ್ಕಾರ ಆಗಬಹುದು.

ದುಡ್ಡಿನ ಲೆಕ್ಕ

ಅಪಘಾತವಾದ ಕೂಡಲೇ ಕಂಪೆನಿಗೆ ಫೋನು ಮಾಡಿ. ನಾಲ್ಕು ಕಡೆಯಿಂದ ಫೋಟೋ ತೆಗೆಯಿರಿ. ಸರ್ವೇಯರ್ ಬಂದು ನೋಡುವ ತನಕ ಒಂದು ನಟ್ಟನ್ನೂ ಬಿಚ್ಚಿಸಬೇಡಿ. ಅವರ ವರದಿಯ ನಕಲು ಕೇಳಿ ಪಡೆಯಿರಿ.

ಟೋಟಲ್ ಲಾಸ್ ಆದ ಮೇಲೆ ಉಳಿದ ಗುಜರಿಗೂ ಒಂದು ಬೆಲೆ ಕಟ್ಟುತ್ತಾರೆ. ಕಂಪೆನಿಯವರು ಗುಜರಿ ಕೊಳ್ಳುವವರಿಂದ ಬಿಡ್ ಕರೆಸುತ್ತಾರೆ. ನನ್ನದಕ್ಕೆ ಬಂದದ್ದು 70,000. ಗುಜರಿಯನ್ನು ನೀವೇ ಇಟ್ಟುಕೊಂಡರೆ ಆ ಮೊತ್ತ ಕಳೆದು ಕೊಡುತ್ತಾರೆ. ನನ್ನ ಲೆಕ್ಕ ಹೀಗಾಯಿತು:

ಐ.ಡಿ.ವಿ. 2,80,000. ಗುಜರಿ 70,000, ಕಡ್ಡಾಯ ಕಡಿತ 1,000 ಕಳೆದು ಕಂಪೆನಿ ಕೊಟ್ಟದ್ದು 2,09,000. ಅದರಲ್ಲಿ ಬ್ಯಾಂಕಿನ ಸಾಲದ ಬಾಕಿ 1,10,000 ನೇರ ಬ್ಯಾಂಕಿಗೆ ಹೋಯಿತು. ನನ್ನ ಕೈಗೆ 99,000. ಗುಜರಿ ಮಾರಿದ 70,000 ಸೇರಿ ಒಟ್ಟು 1,69,000.

ಗುಜರಿ ಬೆಲೆ ನಿಜವಾದದ್ದೇ ಅಂತ ಖಾತರಿ ಮಾಡಿಕೊಳ್ಳಿ. ಅಷ್ಟು ಕೊಟ್ಟು ಎತ್ತಿಕೊಂಡು ಹೋಗುವವರನ್ನು ತೋರಿಸಿ ಅಂತ ಕೇಳಿ. ಕೊಳ್ಳುವವರೇ ಇಲ್ಲದ ಬೆಲೆ ಬರೆದು ಕಳೆದರೆ ನಷ್ಟ ನಿಮ್ಮದು.

ಇಪ್ಪತ್ತೈದು ಸಾವಿರದ ಆಸೆ

ಈ ನಡುವೆ ಒಬ್ಬ ದಲ್ಲಾಳಿ ಮನೆಗೇ ಬಂದ. "ಅಣ್ಣ, ತೊಂಬತ್ತೈದು ಸಾವಿರ ಕೈಗೆ ಕೊಡ್ತೀನಿ. ಆರ್.ಸಿ. ಕೊಟ್ಟು ಎರಡು ಸೈನ್ ಹಾಕ್ಬುಡಿ, ಮಿಕ್ಕಿದ್ದೆಲ್ಲ ನಾನೇ ನೋಡ್ಕತೀನಿ" ಅಂದ. ಇಪ್ಪತ್ತೈದು ಸಾವಿರ ಜಾಸ್ತಿ! ಮನಸ್ಸು ಆಡಿತು, ಸುಳ್ಳು ಯಾಕೆ ಹೇಳಲಿ.

ರಾತ್ರಿ ಮನೆಯವಳು ಒಂದೇ ಮಾತು ಕೇಳಿದಳು: "ಎಲ್ಲರೂ ಎಪ್ಪತ್ತಕ್ಕೆ ಕೇಳಿದ ತಗಡಿಗೆ ಇವನ್ಯಾಕೆ ತೊಂಬತ್ತೈದು ಕೊಡ್ತಾನೆ?"

ಅವನಿಗೆ ಬೇಕಾದದ್ದು ತಗಡಲ್ಲ, ಕಾಗದ. ಕದ್ದ ಕಾರಿಗೆ ಜಖಂ ಕಾರಿನ ಚಾಸಿಸ್ ನಂಬರು ಕೂರಿಸಿ, ಅದರ ಆರ್.ಸಿ. ಇಟ್ಟುಕೊಂಡು ಮಾರುವ ಜಾಲಗಳನ್ನು ಪೊಲೀಸರು ಹಿಡಿದಿರುವುದುಂಟು. ಎಲ್ಲ ದಲ್ಲಾಳಿಗಳೂ ಕಳ್ಳರಲ್ಲ. ಆದರೆ ಅಂಥ ಗಾಡಿ ಸಿಕ್ಕಿಬಿದ್ದರೆ ಪೊಲೀಸರು ಮೊದಲು ಬರುವುದು ಆರ್.ಸಿ.ಯಲ್ಲಿರುವ ಹೆಸರಿನ ಮನೆಗೆ.

ಕಳ್ಳತನವೇ ಆಗಬೇಕೆಂದಿಲ್ಲ. ಕೆ.ಆರ್. ನಗರದ ಕಡೆಯ ನಮ್ಮ ನೆಂಟರೊಬ್ಬರು ಹಳೇ ಗಾಡಿಯನ್ನು ಖಾಲಿ ಫಾರಂಗೆ ಸಹಿ ಹಾಕಿ ಮಾರಿದ್ದರು. ಹೆಸರು ಬದಲಾಗಿರಲಿಲ್ಲ. ವರ್ಷಗಳಾದ ಮೇಲೆ ಆ ಗಾಡಿ ಯಾರಿಗೋ ಗುದ್ದಿತು, ಇನ್ಶೂರೆನ್ಸ್ ಇರಲಿಲ್ಲ. ಪರಿಹಾರದ ಕೇಸಿನ ನೋಟೀಸು ಬಂದದ್ದು ಇವರಿಗೆ. 2018ರ ಫೆಬ್ರವರಿಯಲ್ಲಿ ನವೀನ್ ಕುಮಾರ್ ವಿರುದ್ಧ ವಿಜಯ್ ಕುಮಾರ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟು ಇದನ್ನು ಖಚಿತವಾಗಿ ಹೇಳಿದೆ. ಗಾಡಿ ಎಷ್ಟು ಕೈ ಬದಲಾಗಿದ್ದರೂ ಸರಿ, ದಾಖಲೆಯಲ್ಲಿ ಯಾರ ಹೆಸರಿದೆಯೋ ಅವರೇ ಮಾಲೀಕರು, ಪರಿಹಾರದ ಹೊಣೆ ಅವರದೇ. ಇಪ್ಪತ್ತೈದು ಸಾವಿರದ ಆಸೆಗೆ ಎರಡೆಕರೆ ಹೊಲ ಹೋಗಬಹುದು!

ಹೆಸರು ಬಿಡಿಸಿಕೊಳ್ಳುವ ದಾರಿ ಎರಡು

ಹುಣಸೂರು, ಪಿರಿಯಾಪಟ್ಟಣ, ಕೆ.ಆರ್. ನಗರ, ಹೆಚ್.ಡಿ. ಕೋಟೆಯವರ ಗಾಡಿಗಳಿಗೆ ಕೆ.ಎ. 45 ನಂಬರು ಕೊಡುವುದು ಹುಣಸೂರಿನ ಆರ್.ಟಿ.ಒ. ಕಚೇರಿ. ಕೆಲಸ ಅಲ್ಲೇ.

ಮೊದಲನೆಯದು, ಕೊಂಡವರು ರಿಪೇರಿ ಮಾಡಿ ಓಡಿಸುವುದಾದರೆ ಹೆಸರು ವರ್ಗಾವಣೆ. ಫಾರಂ 29 ಮತ್ತು 30. ಮಾರಿದ ವಿಷಯವನ್ನು ಮಾರಿದವರು 14 ದಿನದೊಳಗೆ ತಿಳಿಸಬೇಕು, ಕೊಂಡವರು 30 ದಿನದೊಳಗೆ.

ಎರಡನೆಯದು, ಗಾಡಿ ಇನ್ನು ರಸ್ತೆಗೆ ಇಳಿಯುವುದೇ ಇಲ್ಲ ಎಂದಾದರೆ ನೋಂದಣಿ ರದ್ದು. 1988ರ ಮೋಟಾರು ವಾಹನ ಕಾಯ್ದೆಯ 55ನೇ ಕಲಮಿನ ಪ್ರಕಾರ 14 ದಿನದೊಳಗೆ ಅಥವಾ ಆದಷ್ಟು ಬೇಗ ಬರೆದು ತಿಳಿಸಿ, ಆರ್.ಸಿ.ಯನ್ನು ಒಪ್ಪಿಸಬೇಕು.

ಎರಡಕ್ಕೂ ಮುಂಚೆ ಸಾಲ ತೀರಿದ ಪತ್ರ ಮತ್ತು ಫಾರಂ 35 ಬ್ಯಾಂಕಿನಿಂದ ತಂದು ಅಡಮಾನ ತೆಗೆಸಬೇಕು. ನನಗೆ ತಡವಾದದ್ದು ಇಲ್ಲಿಯೇ. ಬ್ಯಾಂಕಿಗೆ ನಾಲ್ಕು ಸಲ ಅಲೆದೆ.

ನಾನು ಗುಜರಿಯನ್ನು 70,000ಕ್ಕೇ ಕೊಟ್ಟೆ. ಕೊಂಡವರು ಬಿಡಿಭಾಗಕ್ಕೆ ತೆಗೆದುಕೊಂಡಿದ್ದರಿಂದ ನೋಂದಣಿ ರದ್ದು ಮಾಡಿಸಿಯೇ ಗಾಡಿ ಎತ್ತಲು ಬಿಟ್ಟೆ. ಮನೆ ಮುಂದೆ ಅದು ಒಂದು ತಿಂಗಳು ತುಕ್ಕು ಹಿಡಿಯುತ್ತಾ ನಿಂತಿತ್ತು. ನೋಡಿದವರೆಲ್ಲ ನಕ್ಕರು. ನಗಲಿ ಬಿಡಿ, ಈಗ ರಾತ್ರಿ ನಿದ್ದೆ ಬರುತ್ತದೆ.

ನೆನಪಿಡಿ

• ಖಾಲಿ ಫಾರಂಗೆ ಸಹಿ ಹಾಕಬೇಡಿ.
• ದುಡ್ಡನ್ನು ಬ್ಯಾಂಕ್ ಖಾತೆಗೇ ಹಾಕಿಸಿಕೊಳ್ಳಿ.
• ಕೊಟ್ಟ ದಿನ, ಗಂಟೆ, ಎಂಜಿನ್ ಮತ್ತು ಚಾಸಿಸ್ ನಂಬರು ಬರೆದ ಡೆಲಿವರಿ ನೋಟಿಗೆ ಕೊಂಡವರ ಸಹಿ ಪಡೆದು, ಅವರ ಗುರುತಿನ ಚೀಟಿಯ ನಕಲು ಇಟ್ಟುಕೊಳ್ಳಿ.
• ಕಚೇರಿಗೆ ಕೊಟ್ಟ ಪ್ರತಿ ಕಾಗದಕ್ಕೂ ಸ್ವೀಕೃತಿ ಪಡೆಯಿರಿ.
• ಹೆಸರು ಬದಲಾಗಿದೆಯೇ ಅಂತ ಮಕ್ಕಳಿಂದ ಎಂ-ಪರಿವಾಹನ್ ಆ್ಯಪಿನಲ್ಲಿ ನೋಡಿಸಿ.
• ಕ್ಲೇಮಿನಲ್ಲಿ ಅನ್ಯಾಯವಾದರೆ ಮೊದಲು ಕಂಪೆನಿಗೇ ಬರೆದು ದೂರು ಕೊಡಿ. ತಿಂಗಳಲ್ಲಿ ಸರಿಹೋಗದಿದ್ದರೆ ಬೆಂಗಳೂರಿನ ಇನ್ಶೂರೆನ್ಸ್ ಒಂಬುಡ್ಸ್‌ಮನ್ ಅವರಿಗೆ ಬರೆಯಿರಿ. ಫೀಸಿಲ್ಲ, ವಕೀಲರೂ ಬೇಕಿಲ್ಲ.