ಚಳಿಜ್ವರಕ್ಕೆ ಲಸಿಕೆ ಬಂತು

ಮಕ್ಕಳೇ, ಮಲೇರಿಯಾ ಜ್ವರವನ್ನು ಹರಡುವುದು ಅನಾಫಿಲಿಸ್ ಎಂಬ ಜಾತಿಯ ಹೆಣ್ಣು ಸೊಳ್ಳೆ. ಈ ರೋಗದ ಸೂಕ್ಷ್ಮಜೀವಿ ಸೊಳ್ಳೆಯ ಹೊಟ್ಟೆಯಲ್ಲಿ ಬೆಳೆಯುವುದನ್ನು ರೊನಾಲ್ಡ್ ರಾಸ್ ಎಂಬ ವೈದ್ಯರು 1897ರಲ್ಲಿ ಸಿಕಂದರಾಬಾದಿನಲ್ಲಿ ಕಂಡುಹಿಡಿದರು.

ಆದರೂ ಲಸಿಕೆ ಸಿದ್ಧವಾಗಲು ನೂರಕ್ಕೂ ಹೆಚ್ಚು ವರ್ಷ ಬೇಕಾಯಿತು. ಏಕೆ ಗೊತ್ತೇ? ಈ ಜೀವಿ ನಮ್ಮ ದೇಹದೊಳಗೆ ವೇಷ ಬದಲಿಸುತ್ತದೆ. ಮೊದಲು ಯಕೃತ್ತಿನಲ್ಲಿ ಅಡಗಿ ಬೆಳೆಯುತ್ತದೆ. ಆಮೇಲೆ ಬೇರೆ ರೂಪ ತಾಳಿ, ಕೆಂಪು ರಕ್ತಕಣಗಳನ್ನು ಹೊಕ್ಕು ಒಡೆಯುತ್ತದೆ. ಆಗ ನಮಗೆ ಚಳಿ, ಜ್ವರ ಬರುತ್ತವೆ. ಅದು ಯಕೃತ್ತನ್ನು ಸೇರುವ ಮೊದಲೇ ಗುರುತಿಸಿ ತಡೆಯುವುದನ್ನು ಹೊಸ ಲಸಿಕೆ ನಮ್ಮ ದೇಹಕ್ಕೆ ಕಲಿಸುತ್ತದೆ.

ಇಂತಹ ಮೊದಲ ಲಸಿಕೆಯನ್ನು ಮಕ್ಕಳಿಗೆ ಹಾಕಬಹುದೆಂದು ವಿಶ್ವ ಆರೋಗ್ಯ ಸಂಸ್ಥೆ 2021ರಲ್ಲಿ ಹೇಳಿತು. 2023ರಲ್ಲಿ ಇನ್ನೊಂದಕ್ಕೂ ಒಪ್ಪಿಗೆ ದೊರೆಯಿತು. ಅದನ್ನು ರೂಪಿಸಿದವರು ಇಂಗ್ಲೆಂಡಿನ ಆಕ್ಸ್‌ಫರ್ಡ್ ವಿಶ್ವವಿದ್ಯಾಲಯದ ವಿಜ್ಞಾನಿಗಳು. ತಯಾರಿಸುವುದು ನಮ್ಮ ದೇಶದ ಪುಣೆಯ ಸೀರಮ್ ಸಂಸ್ಥೆ. ಮಲೇರಿಯಾದಿಂದ ಸಾಯುವವರಲ್ಲಿ ಹೆಚ್ಚಿನವರು ಆಫ್ರಿಕದ ಪುಟ್ಟ ಮಕ್ಕಳು. ಅಲ್ಲಿನ ಹಲವು ದೇಶಗಳಲ್ಲಿ ಈಗ ಮಕ್ಕಳಿಗೆ ಈ ಲಸಿಕೆಗಳನ್ನು ಹಾಕುತ್ತಿದ್ದಾರೆ.

ಆದರೆ ಲಸಿಕೆಯೊಂದೇ ಸಾಲದು. ಅದು ಎಲ್ಲರನ್ನೂ ಪೂರ್ತಿಯಾಗಿ ಕಾಯಲಾರದು. ಆದ್ದರಿಂದ ನೀವು ಮನೆಯ ಸುತ್ತ ನೀರು ನಿಲ್ಲದಂತೆ ನೋಡಿಕೊಳ್ಳಿ. ಸೊಳ್ಳೆಪರದೆಯೊಳಗೆ ಮಲಗಿ. ಚಳಿಜ್ವರ ಬಂದರೆ ತಡಮಾಡದೆ ಆರೋಗ್ಯ ಕೇಂದ್ರಕ್ಕೆ ಹೋಗಿ ರಕ್ತ ಪರೀಕ್ಷೆ ಮಾಡಿಸಿಕೊಳ್ಳಿ.