ಸಮಯಸ್ಫೂರ್ತಿಯ ಆಟ

ತಿಳಿದ ಉತ್ತರವೂ ಕೆಲವೊಮ್ಮೆ ನಾಲಗೆಯ ತುದಿಯಲ್ಲಿಯೇ ನಿಂತುಬಿಡುತ್ತದೆ. ಗುರುಗಳು ಪ್ರಶ್ನೆ ಕೇಳಿದಾಗ ವಿದ್ಯಾರ್ಥಿಯ ಬಾಯನ್ನು ಕಟ್ಟುವುದು ಎಷ್ಟೋ ಸಲ ಅಜ್ಞಾನವಲ್ಲ; ತಪ್ಪಿದರೆ ಎಲ್ಲರೂ ನಕ್ಕಾರೆಂಬ ಅಳುಕು. ಈ ಅಳುಕನ್ನು ಮೀರಿ ತಕ್ಕ ಹೊತ್ತಿಗೆ ತಕ್ಕ ಮಾತನ್ನು ಹೊಳೆಯಿಸಿಕೊಳ್ಳುವ ಶಕ್ತಿಯೇ ಸಮಯಸ್ಫೂರ್ತಿ. ಅದು ಹುಟ್ಟಿನಿಂದಲೇ ಬರಬೇಕೆಂದು ಹಲವರು ನಂಬಿದ್ದಾರೆ. ಆದರೆ ಅಭ್ಯಾಸದಿಂದ ಅದನ್ನು ಬೆಳೆಸಬಹುದೆಂಬುದು ರಂಗಭೂಮಿಯ ಅನುಭವ.

ತುಮಕೂರು ಜಿಲ್ಲೆಯ ಗುಬ್ಬಿ ತಾಲ್ಲೂಕಿಗೆ ಸೇರಿದ ಚೇಳೂರಿನ ಸೀಮೆಗೆ ಈ ವಿದ್ಯೆ ಹೊಸದಲ್ಲ. ಮೂಡಲಪಾಯ ಬಯಲಾಟದಲ್ಲಿ ಸಾರಥಿಯು ರಂಗಕ್ಕೆ ಬಂದ ಪಾತ್ರಗಳನ್ನು ಮಾತನಾಡಿಸುತ್ತ ಆ ಕ್ಷಣಕ್ಕೆ ಹೊಳೆದ ಹಾಸ್ಯದಿಂದ ಜನರನ್ನು ನಗಿಸುತ್ತಾನೆ. 1884ರಲ್ಲಿ ಗುಬ್ಬಿಯಲ್ಲಿ ಹುಟ್ಟಿದ ಚನ್ನಬಸವೇಶ್ವರ ನಾಟಕ ಸಂಘವನ್ನು ನಾಡಿನಲ್ಲೆಲ್ಲ ಪ್ರಸಿದ್ಧಿಗೆ ತಂದ ಗುಬ್ಬಿ ವೀರಣ್ಣನವರು ಹಾಸ್ಯಪಾತ್ರಗಳಲ್ಲಿ ಎತ್ತಿದ ಕೈ. ‘ಸದಾರಮೆ’ ನಾಟಕದ ಕಳ್ಳನ ಪಾತ್ರ ಅವರಿಗೆ ಅಪಾರ ಕೀರ್ತಿಯನ್ನು ತಂದಿತು. ಕರಾವಳಿಯ ತಾಳಮದ್ದಳೆಯಲ್ಲಂತೂ ಅರ್ಥಧಾರಿಗಳಿಗೆ ಬರೆದಿಟ್ಟ ಸಂಭಾಷಣೆಯೇ ಇಲ್ಲ. ಭಾಗವತರು ಪದ್ಯವನ್ನು ಹಾಡಿ ಮುಗಿಸಿದೊಡನೆ ಅವರು ಮಾತನ್ನು ಆಗಲೇ ಕಟ್ಟಬೇಕು.

ಇಂಥ ಶಕ್ತಿಯನ್ನು ಆಟದ ಮೂಲಕ ಕಲಿಸುವ ಕ್ರಮವನ್ನು ಅಮೆರಿಕದ ವಯೋಲಾ ಸ್ಪೋಲಿನ್ ಎಂಬ ಶಿಕ್ಷಕಿ ರೂಪಿಸಿದರು. ಶಿಕಾಗೋ ನಗರದಲ್ಲಿ ನಾನಾ ದೇಶಗಳಿಂದ ವಲಸೆ ಬಂದವರ ಮಕ್ಕಳಿಗೆ ಉಪದೇಶಕ್ಕಿಂತ ಆಟವೇ ಹೆಚ್ಚು ಫಲಕಾರಿಯೆಂದು ಅವರು ಕಂಡುಕೊಂಡರು. ಈ ಆಟಗಳನ್ನು ಒಳಗೊಂಡ ಅವರ ಗ್ರಂಥ 1963ರಲ್ಲಿ ಪ್ರಕಟವಾಯಿತು.

ಅಂಥ ಆಟಗಳಲ್ಲೊಂದನ್ನು ನೋಡೋಣ. ಹತ್ತು ಹನ್ನೆರಡು ಮಂದಿ ವೃತ್ತಾಕಾರವಾಗಿ ನಿಲ್ಲಬೇಕು. ಒಂದು ಟವೆಲ್ ಕೈಯಿಂದ ಕೈಗೆ ಸಾಗುತ್ತದೆ. ಅದನ್ನು ಪಡೆದವನು, ಉಳಿದವರು ಮೂರು ಚಪ್ಪಾಳೆ ತಟ್ಟುವುದರೊಳಗೆ, ಅದನ್ನು ಬೇರೊಂದು ವಸ್ತುವಾಗಿ ಬಳಸಿ ತೋರಿಸಬೇಕು. ಒಬ್ಬನಿಗೆ ಅದು ಕೊಳಲು, ಮತ್ತೊಬ್ಬಳಿಗೆ ತೊಟ್ಟಿಲ ಕೂಸು, ಇನ್ನೊಬ್ಬನಿಗೆ ಬಾವಿಯ ಹಗ್ಗ. ಒಮ್ಮೆ ಬಂದದ್ದು ಮತ್ತೆ ಬರಕೂಡದು.

ಎರಡನೆಯ ಹಂತದಲ್ಲಿ ಇಬ್ಬರು ವೃತ್ತದ ನಡುವೆ ಬರುತ್ತಾರೆ. ಚೇಳೂರು ಹಲಸಿಗೆ ಹೆಸರಾದ ಊರು, ಆದುದರಿಂದ ಒಬ್ಬನು ಟವೆಲನ್ನು ಮುದ್ದೆ ಮಾಡಿ, ಭಾರಕ್ಕೆ ಬಾಗಿದವನಂತೆ ನಟಿಸಿ, “ಅಣ್ಣಾ, ಈ ಹಲಸಿನ ಹಣ್ಣಿಗೆ ಎಷ್ಟು?” ಎಂದು ಕೇಳಿದನೆನ್ನೋಣ. “ಇದು ಹಣ್ಣಲ್ಲ, ಟವೆಲ್” ಎಂದು ಎದುರಿನವನು ಉತ್ತರಿಸಿದರೆ ಆಟ ಅಲ್ಲಿಗೇ ಸತ್ತಿತು! ಬದಲಾಗಿ, “ಬೆಲೆ ಆಮೇಲೆ ಹೇಳುತ್ತೇನಪ್ಪ, ಮೊದಲು ಮೆಲ್ಲಗೆ ಇಳಿಸು, ಒಳಗೆ ನಮ್ಮ ಬೆಕ್ಕು ಮಲಗಿದೆ” ಎಂದರೆ ಆಟಕ್ಕೆ ಜೀವ ಬರುತ್ತದೆ. “ಅದಕ್ಕೇ ದಾರಿಯುದ್ದಕ್ಕೂ ಹಣ್ಣು ಗುರುಗುಟ್ಟುತ್ತಿತ್ತೇ!” ಎಂದು ಮೊದಲಿನವನು ಮುಂದುವರಿಸಬಹುದು. ಕೊಟ್ಟ ಮಾತನ್ನು ತಳ್ಳಿಹಾಕದೆ ಒಪ್ಪಿಕೊಂಡು, ಅದಕ್ಕೆ ತನ್ನದೊಂದನ್ನು ಸೇರಿಸಬೇಕೆಂಬುದೇ ಈ ಹಂತದ ನಿಯಮ.

ಈ ನಿಯಮಗಳಲ್ಲಿ ಒಂದು ಮರ್ಮ ಅಡಗಿದೆ. ಮೂರೇ ಚಪ್ಪಾಳೆಗಳ ಅವಧಿಯಲ್ಲಿ ‘ನಾನು ಜಾಣನೆನಿಸಿಕೊಳ್ಳಬೇಕು’ ಎಂದು ಯೋಚಿಸಲು ಬಿಡುವಿರುವುದಿಲ್ಲ. ಮೊದಲು ಹೊಳೆದುದೇ ಹೊರಬರುತ್ತದೆ. ಎದುರಿನವನ ಮಾತನ್ನು ಬೆಳೆಸಬೇಕಾದರೆ ಅದನ್ನು ಗಮನವಿಟ್ಟು ಕೇಳಲೇಬೇಕು. ಮನಸ್ಸು ಹೀಗೆ ಎದುರಿನವನ ಕಡೆಗೆ ಹರಿದಾಗ ತನ್ನ ಬಗೆಗಿನ ಅಳುಕು ತಾನಾಗಿ ಕುಗ್ಗುತ್ತದೆ. ಒಬ್ಬನು ತಡವರಿಸಿದರೂ ಜೊತೆಗಾರನು ಆ ತಡವರಿಕೆಯನ್ನೇ ಕಥೆಯ ತಿರುವಾಗಿ ಮಾಡಬಲ್ಲನು. ಅಲ್ಲಿ ನಗೆಯುಂಟು, ಆದರೆ ಅಪಹಾಸ್ಯವಿಲ್ಲ.

ಹಾಗೆಂದು ಸಮಯಸ್ಫೂರ್ತಿಯು ಓದಿಗೆ ಬದಲಿಯಲ್ಲ. ಅರ್ಥಧಾರಿಯ ಮಾತು ಆ ಕ್ಷಣದಲ್ಲಿ ಹುಟ್ಟಿದರೂ ಅದರ ಹಿಂದೆ ರಾಮಾಯಣ ಮಹಾಭಾರತಗಳ ದೀರ್ಘ ವ್ಯಾಸಂಗವಿರುತ್ತದೆ. ಬರಿದಾದ ಕಣಜದಿಂದ ಕಾಳು ಬಾರದು. ತುಂಬಿದ ಕಣಜದ ಬಾಗಿಲು ತೆರೆಯದಿದ್ದರೂ ಕಾಳು ಬಾರದು. ಕಣಜವನ್ನು ತುಂಬುವುದು ವ್ಯಾಸಂಗ. ಬಾಗಿಲನ್ನು ತೆರೆಯುವುದು ಈ ಆಟ. ನಟರಾಗುವವರಿಗೆ ಮಾತ್ರವಲ್ಲ, ನಾಲ್ವರ ನಡುವೆ ಎದ್ದು ನಿಂತು ತಮ್ಮ ಮಾತನ್ನು ಹೇಳಬೇಕಾದ ಎಲ್ಲರಿಗೂ ಅದು ಬೇಕು.