ಕಾಕ್‌ಪಿಟ್‌ಗೂ ಒಂದು ತಾರೀಖು ಉಂಟು

ಸಂತೆಗುಳಿ, ಕುಮಟಾ ಕಡೆಯಿಂದ ಕಾರವಾರಕ್ಕೆ ಹೋದವರು ಟಾಗೋರ್ ಕಡಲತೀರದಲ್ಲಿ ಚಪಲ್ ಯುದ್ಧನೌಕೆಯನ್ನು ನೋಡುತ್ತಾರೆ, ಈಗ ಅದರ ಹತ್ತಿರವೇ ಟುಪೊಲೆವ್ ವಿಮಾನವನ್ನೂ ನೋಡುತ್ತಾರೆ. ನೌಕಾಪಡೆಗೆ 1988ರಲ್ಲಿ ಬಂದ ಎಂಟು ಟಿಯು-142ಗಳ ಪೈಕಿ ಇದೂ ಒಂದು. ಮೊದಲು ಗೋವಾದಲ್ಲಿದ್ದ ಈ ವಿಮಾನಗಳು ಆಮೇಲೆ ತಮಿಳುನಾಡಿನ ಅರಕ್ಕೋಣಂಗೆ ಹೋದವು. 2017ರ ಮಾರ್ಚ್ 29ರಂದು ಎಲ್ಲಕ್ಕೂ ನಿವೃತ್ತಿ. ಕಾರವಾರದ್ದು ಅಲ್ಲಿಂದ ಬಿಡಿಭಾಗಗಳಾಗಿ ರಸ್ತೆಯ ಮೇಲೆ ಬಂತು.

ಇಂಥ ಹಳೆಯ ವಿಮಾನಗಳನ್ನು ಮನೆಯ ಕಂಪ್ಯೂಟರಿನಲ್ಲಿ ಹಾರಿಸುವ ಸಿಮ್ಯುಲೇಟರ್ ಹವ್ಯಾಸಿಗಳು ಜಗತ್ತಿನೆಲ್ಲೆಡೆ ಇದ್ದಾರೆ. ಅವರಿಗಾಗಿ ಕಾಕ್‌ಪಿಟ್ ರೂಪಿಸುವವರಿಗೆ ಅಸಲಿ ವಿಮಾನ ಸಿಕ್ಕರೆ ಅರ್ಧ ಕೆಲಸ ಮುಗಿಯಿತು ಅನ್ನಿಸೀತು. ಹಾಗೇನೂ ಇಲ್ಲ. ವಿಮಾನ ದಶಕಗಟ್ಟಲೆ ದುಡಿಯುವಾಗ ರೇಡಿಯೊ ಬದಲಾಗುತ್ತದೆ, ಡಯಲ್ ಬದಲಾಗುತ್ತದೆ, ಬಣ್ಣ ಬದಲಾಗುತ್ತದೆ. ಮ್ಯೂಸಿಯಂಗೆ ಬರುವ ಮುಂಚೆ ಕೆಲವು ಉಪಕರಣಗಳನ್ನು ಕಳಚುವುದೂ ಉಂಟು. ಕತ್ತಲೆಯಲ್ಲಿ ಹೊಳೆಯಲೆಂದು ರೇಡಿಯಂ ಬಳಿದ ಯುದ್ಧಕಾಲದ ಡಯಲ್‌ಗಳಲ್ಲಿ ವಿಕಿರಣ ಇನ್ನೂ ಇರುತ್ತದೆ. ಅವನ್ನು ಹಾಗೇ ಬಿಡುವಂತಿಲ್ಲ.

ಹಳೆಯ ಫೋಟೋಗಳನ್ನೂ ಪೂರ್ತಿ ನಂಬುವಂತಿಲ್ಲ. ಆಗಿನ ಕೆಲವು ಕಪ್ಪು-ಬಿಳುಪು ಫಿಲ್ಮುಗಳಲ್ಲಿ ಹಳದಿ ಕಪ್ಪಾಗಿಯೂ ನೀಲಿ ತಿಳಿಯಾಗಿಯೂ ಮೂಡುತ್ತಿತ್ತು.

ಅಸಲಿ ವಿಮಾನವನ್ನೂ ಪೂರ್ತಿ ನಂಬುವಂತಿಲ್ಲ ಎಂಬುದಕ್ಕೆ ನಮ್ಮಲ್ಲೇ ಒಂದು ಒಳ್ಳೆಯ ಉದಾಹರಣೆ ಇದೆ. ಕರ್ನಾಟಕದಿಂದ ರಾಜ್ಯಸಭೆಗೆ ಹೋಗಿದ್ದ ರಾಜೀವ್ ಚಂದ್ರಶೇಖರ್ ಹಳೆಯ ಡಕೋಟಾ ಒಂದನ್ನು ಬ್ರಿಟನ್ನಿನಲ್ಲಿ ದುರಸ್ತಿ ಮಾಡಿಸಿ ವಾಯುಪಡೆಗೆ ಕೊಟ್ಟರು. 2018ರಲ್ಲಿ ಅದು ಭಾರತಕ್ಕೆ ಹಾರಿ ಬಂತು. ಅದಕ್ಕೆ ‘ಪರಶುರಾಮ’ ಎಂದು ಹೆಸರು. ಬಾಲದ ಮೇಲಿನ ವಿಪಿ 905 ಎಂಬ ಸಂಖ್ಯೆ 1947ರ ಅಕ್ಟೋಬರ್ 27ರಂದು ಶ್ರೀನಗರಕ್ಕೆ ಸೈನಿಕರನ್ನು ಇಳಿಸಿದ ಡಕೋಟಾದ್ದು. ವಿಮಾನ ಬೇರೆ, ಸಂಖ್ಯೆ ಮಾತ್ರ ಅದರದು. ಇಂದಿನ ಆಕಾಶದಲ್ಲಿ ಹಾರಬೇಕಾದರೆ ಇಂದಿನ ಉಪಕರಣಗಳು ಬೇಕೇ ಬೇಕು. ಹಾಗಾಗಿ ಇದರ ಕಾಕ್‌ಪಿಟ್ಟನ್ನು ಯಥಾವತ್ತು ನಕಲು ಮಾಡಿದವರಿಗೆ 2018 ಸಿಗುತ್ತದೆ, 1947 ಸಿಗುವುದಿಲ್ಲ. 2022ರಲ್ಲಿ ಮೈಕ್ರೋಸಾಫ್ಟ್ ತನ್ನ ಸಿಮ್ಯುಲೇಟರಿಗೆ ಡಕೋಟಾದ ನಾಗರಿಕ ರೂಪವಾದ ಡಿಸಿ-3 ಸೇರಿಸಿದಾಗ ಹಳೆಯ ಪ್ಯಾನೆಲ್ ಒಂದು, ಆಧುನಿಕ ಪ್ಯಾನೆಲ್ ಒಂದು ಎಂದು ಎರಡನ್ನೂ ಕೊಟ್ಟಿತು. ಪ್ರಾಮಾಣಿಕ ದಾರಿ ಅದೇ.

ಲಿಬರೇಟರ್ ಬಾಂಬರ್‌ಗಳದು ಇನ್ನೂ ಸ್ವಾರಸ್ಯದ ಕಥೆ. ಎರಡನೇ ಮಹಾಯುದ್ಧ ಮುಗಿದ ಮೇಲೆ ಕಾನ್ಪುರದಲ್ಲಿ ಗುಜರಿಯಂತೆ ಬಿದ್ದಿದ್ದ ಅವನ್ನು ಬೆಂಗಳೂರಿನ ಹಿಂದೂಸ್ತಾನ್ ಏರ್‌ಕ್ರಾಫ್ಟ್ ಕಾರ್ಖಾನೆ ರಿಪೇರಿ ಮಾಡಿ ಹಾರಿಸಿತು. 1968ರವರೆಗೂ ವಾಯುಪಡೆ ಅವನ್ನು ಬಳಸಿತು. ಇಂದು ಲಂಡನ್ನಿನ ರಾಯಲ್ ಏರ್‌ಫೋರ್ಸ್ ಮ್ಯೂಸಿಯಂ ಸೇರಿದಂತೆ ಹೊರದೇಶಗಳಲ್ಲಿ ಉಳಿದ ಲಿಬರೇಟರ್‌ಗಳಲ್ಲಿ ಹಲವು ಭಾರತದಿಂದಲೇ ಹೋದವು. ಅವುಗಳ ಕಾಕ್‌ಪಿಟ್ ನೋಡಿ 1944ರ ಬಾಂಬರ್ ರೂಪಿಸುವವರು, ಯಾವ ಮೀಟರ್ ಅಮೆರಿಕದ ಕಾರ್ಖಾನೆಯದು, ಯಾವುದು ಬೆಂಗಳೂರಿನ ಕೆಲಸಗಾರರು ಕೂರಿಸಿದ್ದು ಎಂದು ಕೇಳಲೇಬೇಕು.

ಸೋವಿಯತ್ ವಿಮಾನಗಳದು ಬೇರೆಯೇ ಜಗತ್ತು. ಪಾಶ್ಚಾತ್ಯ ವಿಮಾನ ವಾಲಿದಾಗ, ವಾಲುವಿಕೆ ತೋರಿಸುವ ಮೀಟರಿನೊಳಗೆ ದಿಗಂತದ ಗೆರೆ ಓರೆಯಾಗುತ್ತದೆ. ಅನೇಕ ಸೋವಿಯತ್ ಮೀಟರುಗಳಲ್ಲಿ ಗೆರೆ ನೆಟ್ಟಗಿದ್ದು ಪುಟ್ಟ ವಿಮಾನದ ಗುರುತೇ ವಾಲುತ್ತದೆ. ಮಿಗ್-21ರ ಪ್ಯಾನೆಲ್ ನಡುವೆ ಉದ್ದಕ್ಕೊಂದು ಬಿಳಿ ಪಟ್ಟಿ ಇದೆ. ಅಲಂಕಾರಕ್ಕಲ್ಲ: ವಿಮಾನ ಗಿರಗಿರ ಸುತ್ತತೊಡಗಿದರೆ ಪೈಲಟ್ ಸ್ಟಿಕ್ಕನ್ನು ಆ ಗೆರೆಯ ನೇರಕ್ಕೆ ತರಬೇಕು. ಬಣ್ಣ ಕಿತ್ತುಹೋದಂತೆ, ತುಕ್ಕು ಹಿಡಿದಂತೆ ಚಿತ್ರಿಸುವುದರಲ್ಲೇ ಮೈಮರೆಯುವ ಕಲಾವಿದರು ಇಂಥ ಸಂಗತಿಗಳಿಗೆ ಸ್ವಲ್ಪ ಸಮಯ ಕೊಟ್ಟರೆ ಚೆನ್ನ. ಎರಡು ವರ್ಷ ಹಾರಿದ ವಿಮಾನದಲ್ಲಿ ಅಷ್ಟೊಂದು ತುಕ್ಕು ಎಲ್ಲಿಂದ ಬರಬೇಕು?

ಬೆಂಗಳೂರಿನಲ್ಲಿ ವಿನ್ಯಾಸಗೊಂಡು 1961ರ ಜೂನ್ 17ರಂದು ಮೊದಲು ಹಾರಿದ ಮಾರುತ್ ಯುದ್ಧವಿಮಾನದ ಮಾದರಿಯ ಒಂದು ವಿಮಾನ ಈಗ ಎಚ್‌ಎಎಲ್ ಮ್ಯೂಸಿಯಂನಲ್ಲಿದೆ. ಅದರ ಕಾಕ್‌ಪಿಟ್ ಬಲ್ಲ ಮೆಕ್ಯಾನಿಕ್‌ಗಳು, ಪೈಲಟ್‌ಗಳು ಈಗ ಅಜ್ಜಂದಿರು. ಮನೆಯಲ್ಲಿ ಎಚ್‌ಎಎಲ್, ವಾಯುಪಡೆ, ನೌಕಾಪಡೆಯಲ್ಲಿ ದುಡಿದ ಹಿರಿಯರಿದ್ದರೆ ಅವರ ಹಳೆಯ ಆಲ್ಬಂ ತೆರೆಸಿ, ಒಂದೊಂದು ಫೋಟೋದ ಬೆನ್ನಿಗೂ ವಿಮಾನದ ಸಂಖ್ಯೆ, ಊರು, ವರ್ಷ ಕೇಳಿ ಬರೆದಿಡಿ.